ನೆಲದಡಿಗೆ ಸೋರಿದ ಪೆಟ್ರೋಲ್: ಕಾಣದ ನೀರಿನ ಮೇಲೆ ಕಣ್ಣಿಡುವುದು ಹೇಗೆ?

ಇವತ್ತಿನ ವಿಷಯ ಅಮೆರಿಕದ ವಾಷಿಂಗ್ಟನ್ ಸುತ್ತಮುತ್ತಲಿನದು. ಆದರೆ ಬೆಂಗಳೂರಿನಲ್ಲಿ ಬೋರ್‌ವೆಲ್ ನೀರು ಬಳಸುವವರಿಗೂ, ಷಾರ್ಲೆಟ್ ಅಥವಾ ಅಟ್ಲಾಂಟಾದ ಹೊರವಲಯದಲ್ಲಿ ಸ್ವಂತ ಬಾವಿ ಇರುವ ಮನೆ ಕೊಳ್ಳಲು ಹೊರಟವರಿಗೂ ಅಷ್ಟೇ ಹತ್ತಿರದ್ದು. ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕ್ ಅಥವಾ ಪೈಪ್ ಸೋರಿದರೆ ಅಂತರ್ಜಲಕ್ಕೆ ಏನಾಗುತ್ತೆ? ಅದು ಎಲ್ಲಿಗೆ ಹೋಯಿತು ಅಂತ ಹೇಗೆ ಪತ್ತೆ ಮಾಡ್ತಾರೆ? ಹೇಗೆ ಶುಚಿ ಮಾಡ್ತಾರೆ? ಶುಚಿಯಾಯಿತು ಅಂತ ಯಾವಾಗ ಹೇಳಬಹುದು? ಈ ನಾಲ್ಕು ಪ್ರಶ್ನೆಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಒಂದು ನಿಜವಾದ ಪ್ರಕರಣ.

ಐದು ವಾರ ಸೋರಿದ ಪೈಪು

ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಕೌಂಟಿಯಲ್ಲಿ ಜಾಕ್ಸನ್‌ವಿಲ್ ಅನ್ನುವ ಊರಿದೆ. ಫ್ಲಾರಿಡಾದ ದೊಡ್ಡ ನಗರ ಅಲ್ಲ, ಇದು ನಾಲ್ಕು ರಸ್ತೆ ಕೂಡುವ ಜಾಗದಲ್ಲಿರುವ ಸಣ್ಣ ಊರು. ಇಲ್ಲಿನ ಮನೆಗಳಿಗೆ ನಗರದ ನಲ್ಲಿ ನೀರಿಲ್ಲ. ಪ್ರತಿ ಮನೆಗೂ ಸ್ವಂತ ಕೊಳವೆಬಾವಿ. ಕುಡಿಯುವುದು, ಅಡುಗೆ, ಸ್ನಾನ ಎಲ್ಲ ಅದರಲ್ಲೇ.

2006ರ ಜನವರಿಯಲ್ಲಿ ಇಲ್ಲಿನ ಎಕ್ಸಾನ್ ಬಂಕಿನಲ್ಲಿ ಕೆಲಸ ಮಾಡುತ್ತಿದ್ದ ಗುತ್ತಿಗೆದಾರರಿಂದ ನೆಲದಡಿಯ ಪೆಟ್ರೋಲ್ ಪೈಪಿಗೆ ತೂತು ಬಿತ್ತು. ಅಲ್ಲಿಂದ ಸುಮಾರು ಐದು ವಾರ ಪೆಟ್ರೋಲ್ ನೆಲಕ್ಕೆ ಹರಿಯುತ್ತಲೇ ಇತ್ತು. ಫೆಬ್ರವರಿಯ ಮೂರನೇ ವಾರದಲ್ಲಿ ಗೊತ್ತಾಗುವಷ್ಟರಲ್ಲಿ ಸುಮಾರು 26,000 ಗ್ಯಾಲನ್, ಅಂದರೆ ಹತ್ತಿರಹತ್ತಿರ 98,000 ಲೀಟರ್ ಹೋಗಿತ್ತು. ನಮ್ಮಲ್ಲಿ ಓಡಾಡುವ 12,000 ಲೀಟರಿನ ಎಂಟು ಟ್ಯಾಂಕರ್ ಲೆಕ್ಕ ಹಾಕಿಕೊಳ್ಳಿ.

ಸೋರಿಕೆ ಹಿಡಿಯುವ ಯಂತ್ರ ಅಲ್ಲಿ ಇರಲಿಲ್ಲವೇ? ಇತ್ತು. ಆದರೆ ಅದು ಕೊಟ್ಟ ಎಚ್ಚರಿಕೆಯನ್ನು ಯಂತ್ರದ ದೋಷ ಅಂತ ತಿಳಿದು ಮತ್ತೆ ಹೊಂದಿಸಿ, ಮಾರಾಟ ಮುಂದುವರಿಸಲಾಯಿತು. ಯಂತ್ರ ತಪ್ಪಿದರೂ ಹಿಡಿಯಬಲ್ಲ ಇನ್ನೊಂದು ಉಪಾಯ ಬಹಳ ಹಳೆಯದು, ದಾಸ್ತಾನು ಲೆಕ್ಕ. ನಮ್ಮ ಬಂಕುಗಳಲ್ಲಿ ಬೆಳಿಗ್ಗೆ ಡಿಪ್ ಕಡ್ಡಿ ಇಳಿಸಿ ನೋಡುವುದನ್ನು ನೀವು ಕಂಡಿರಬಹುದು. ನಿನ್ನೆ ಎಷ್ಟಿತ್ತು, ಎಷ್ಟು ಬಂತು, ಎಷ್ಟು ಮಾರಿದೆವು, ಈಗ ಎಷ್ಟಿದೆ? ಇಷ್ಟೇ. ಕೂಡಿ ಕಳೆದಾಗ ಹೊಂದದೇ ಹೋದರೆ ಎಲ್ಲೋ ಸೋರುತ್ತಿದೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಇದಕ್ಕೆ ಒಂದು ಸರಳ ಸೂತ್ರ ಇಟ್ಟಿದೆ. ತಿಂಗಳಲ್ಲಿ ಟ್ಯಾಂಕಿನಿಂದ ಹೊರಹೋದ ಪೆಟ್ರೋಲಿನ ಶೇ. 1, ಅದರ ಮೇಲೆ 130 ಗ್ಯಾಲನ್. ವ್ಯತ್ಯಾಸ ಇದಕ್ಕಿಂತ ಹೆಚ್ಚಾದರೆ ಸೋರಿಕೆಯ ಅನುಮಾನ ಪಡಲೇಬೇಕು. ಒಂದು ಬಂಕ್ ತಿಂಗಳಿಗೆ 1 ಲಕ್ಷ ಗ್ಯಾಲನ್ ಮಾರುತ್ತೆ ಅಂದುಕೊಳ್ಳಿ. ಮಿತಿ 1,130 ಗ್ಯಾಲನ್. ಜಾಕ್ಸನ್‌ವಿಲ್‌ನಲ್ಲಿ ದಿನಕ್ಕೆ ಸರಾಸರಿ 740 ಗ್ಯಾಲನ್ ಸೋರುತ್ತಿತ್ತು. ಅಂಥ ಬಂಕಿನಲ್ಲಿ ಇಡೀ ತಿಂಗಳಿಗೆ ಇಟ್ಟ ಮಿತಿ ಎರಡೇ ದಿನಕ್ಕೆ ದಾಟಿಹೋಗುತ್ತೆ. ಕೊನೆಗೂ ಸೋರಿಕೆ ಬಯಲಾದದ್ದು ಈ ದಾಸ್ತಾನು ಲೆಕ್ಕದ ಕೊರತೆಯಿಂದಲೇ, ಆದರೆ ಐದು ವಾರ ತಡವಾಗಿ.

ಇವತ್ತಿನ ಸಂಚಿಕೆಯಲ್ಲಿ ನಾವು ಹೇಳಬೇಕಾದ ಮುಖ್ಯ ಮಾತು ಇದೇ. ಪೆಟ್ರೋಲ್ ಮಾಲಿನ್ಯದಲ್ಲಿ ದೊಡ್ಡ ದೊಡ್ಡ ಯಂತ್ರ ತಂದು ಶುಚಿ ಮಾಡುವುದು ಅರ್ಧ ಕೆಲಸ. ಉಳಿದರ್ಧ, ಮತ್ತು ಹೆಚ್ಚಿನ ಸಲ ಅಗ್ಗವಾದ ಅರ್ಧ, ಅಳೆಯುವುದು, ಬರೆದಿಡುವುದು, ಆ ಅಂಕಿಯನ್ನು ನಂಬುವುದು.

ನೆಲಕ್ಕೆ ಬಿದ್ದ ಪೆಟ್ರೋಲ್ ಏನು ಮಾಡುತ್ತೆ?

ಪೆಟ್ರೋಲ್ ಅಂದರೆ ಒಂದೇ ವಸ್ತು ಅಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ನೀರಿಗಿಂತ ಹಗುರ. ಒಂದು ಲೀಟರ್ ಪೆಟ್ರೋಲ್ ಸುಮಾರು 750 ಗ್ರಾಂ ತೂಗುತ್ತೆ. ಸೋರಿದ್ದು ಮಣ್ಣಿನ ಸಂದುಗಳಲ್ಲಿ ಇಳಿಯುತ್ತಾ ಹೋಗಿ ಅಂತರ್ಜಲದ ಮಟ್ಟ ಮುಟ್ಟಿದಾಗ, ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ತೇಲುವ ಹಾಗೆ ನೀರಿನ ಮೇಲೆ ಹರಡಿಕೊಳ್ಳುತ್ತೆ.

ಅಲ್ಲಿಂದ ಅದು ನಾಲ್ಕು ರೂಪದಲ್ಲಿ ಇರುತ್ತೆ. ಒಂದು, ನೀರಿನ ಮೇಲೆ ತೇಲುವ ಪೆಟ್ರೋಲ್. ಎರಡು, ಮಣ್ಣಿನ ಕಣಗಳ ನಡುವೆ ಸ್ಪಂಜಿನಲ್ಲಿ ಉಳಿದಂತೆ ಸಿಕ್ಕಿಕೊಂಡದ್ದು. ಮೂರು, ನೀರಿನಲ್ಲಿ ಕರಗಿದ್ದು. ನಾಲ್ಕು, ಆವಿಯಾಗಿ ಮಣ್ಣಿನ ಗಾಳಿಯಲ್ಲಿ ಸೇರಿಕೊಂಡದ್ದು. ಈ ನಾಲ್ಕನ್ನು ನೆನಪಿಟ್ಟುಕೊಳ್ಳಿ, ಮುಂದೆ ಚಿಕಿತ್ಸೆ ಅಂತ ಬಂದಾಗ ಪ್ರತಿಯೊಂದಕ್ಕೂ ಬೇರೆ ಬೇರೆ ಮದ್ದು.

ದೂರ ಹೋಗುವುದು ಮೂರನೆಯದು, ಕರಗಿದ್ದು. ಅದರಲ್ಲಿ ನಮಗೆ ಚಿಂತೆ ಇರುವುದು ಬೆಂಜೀನ್, ಟಾಲ್ವೀನ್, ಈಥೈಲ್‌ಬೆಂಜೀನ್, ಕ್ಸೈಲೀನ್ ಅನ್ನುವ ನಾಲ್ವರ ಬಗ್ಗೆ. ಇವರಲ್ಲಿ ಬೆಂಜೀನ್ ಮನುಷ್ಯರಲ್ಲಿ ರಕ್ತದ ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತು. ಅಮೆರಿಕದಲ್ಲಿ ಕುಡಿಯುವ ನೀರಿನಲ್ಲಿ ಇದರ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ, ಅಂದರೆ 5 ಪಿಪಿಬಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ 10.

5 ಪಿಪಿಬಿ ಎಷ್ಟು ಕಡಿಮೆ ಅಂತ ಒಂದು ಲೆಕ್ಕ ಹಾಕೋಣ. ಒಂದು ಲೀಟರ್ ಪೆಟ್ರೋಲಿನಲ್ಲಿ ತೂಕದಲ್ಲಿ ನೂರಕ್ಕೆ ಒಂದು ಪಾಲು ಬೆಂಜೀನ್ ಇದೆ ಅಂದುಕೊಳ್ಳಿ, ಅಂದರೆ 7.5 ಗ್ರಾಂ. ಅದಷ್ಟೂ ನೀರಿಗೆ ಸೇರಿದರೆ 15 ಲಕ್ಷ ಲೀಟರ್ ನೀರನ್ನು 5 ಪಿಪಿಬಿಗೆ ತರಬಲ್ಲದು. ಒಂದೇ ಒಂದು ಲೀಟರ್! ವಾಸ್ತವದಲ್ಲಿ ಅಷ್ಟೂ ಕರಗುವುದಿಲ್ಲ, ಒಂದಷ್ಟು ಆವಿಯಾಗುತ್ತೆ, ಒಂದಷ್ಟನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ. ಆದರೂ ಹೋಲಿಕೆಗೆ ಈ ಲೆಕ್ಕ ಸಾಕು.

ಮೂಗಿಗೆ ಗೊತ್ತಾಗಲ್ವಾ? ಇಲ್ಲ. ನೀರಿನಲ್ಲಿರುವ ಬೆಂಜೀನ್ ವಾಸನೆ ನಮಗೆ ತಿಳಿಯುವಷ್ಟಾಗಬೇಕಾದರೆ ಅದು ಮಿತಿಗಿಂತ ನೂರು ಪಟ್ಟು, ಹಲವು ಸಲ ಇನ್ನೂ ಹೆಚ್ಚು ಇರಬೇಕು. ಬಾಯಿಗೆ ರುಚಿಯಾಗಿರುವ, ಗಾಜಿನಂತೆ ತಿಳಿಯಾದ ನೀರಿನಲ್ಲೂ ಅದು ಇರಬಹುದು.

ಎಂಟಿಬಿಇ ಅನ್ನುವ ಇನ್ನೊಂದು ರಾಸಾಯನಿಕ ಇತ್ತು. ಇಂಜಿನ್ ಚೆನ್ನಾಗಿ ಉರಿಯಲಿ ಅಂತ ಅಮೆರಿಕದಲ್ಲಿ ಪೆಟ್ರೋಲಿಗೆ ಬೆರೆಸುತ್ತಿದ್ದರು. ಅದು ನೀರಿನಲ್ಲಿ ಧಾರಾಳವಾಗಿ ಕರಗುತ್ತೆ, ಮಣ್ಣಿಗೆ ಅಂಟುವುದಿಲ್ಲ, ಬ್ಯಾಕ್ಟೀರಿಯಾಗಳಿಗೂ ಅಷ್ಟು ಇಷ್ಟವಿಲ್ಲ. ಹಾಗಾಗಿ ಬೆಂಜೀನ್‌ಗಿಂತ ಮುಂದೆ ಮುಂದೆ ಓಡುತ್ತೆ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರ 1996ರಲ್ಲಿ ತನ್ನ ಕುಡಿಯುವ ನೀರಿನ ಬಾವಿಗಳನ್ನು ಮುಚ್ಚಬೇಕಾಗಿ ಬಂದದ್ದು ಇದರಿಂದಲೇ. 2006ರ ಹೊತ್ತಿಗೆ ಅಮೆರಿಕದ ಕಂಪನಿಗಳು ಅದನ್ನು ಬಿಟ್ಟು ಎಥನಾಲ್‌ಗೆ ಬಂದವು. ಜಾಕ್ಸನ್‌ವಿಲ್‌ನ ಪೆಟ್ರೋಲಿನಲ್ಲಿ ಎಂಟಿಬಿಇ ಇತ್ತು. ಈ ಎಂಟಿಬಿಇಗೆ ಒಂದೇ ಒಂದು ಗುಣ. ಅದರ ಕೆಟ್ಟ ವಾಸನೆ 20 ರಿಂದ 40 ಪಿಪಿಬಿಗೇ ಮೂಗಿಗೆ ಬಡಿಯುತ್ತೆ. ಎಥನಾಲ್ ಬಂದಮೇಲೆ ಆ ಎಚ್ಚರಿಕೆಯೂ ಹೋಯಿತು. ಮೇಲಾಗಿ ನೆಲದ ಬ್ಯಾಕ್ಟೀರಿಯಾಗಳು ಎಥನಾಲನ್ನೇ ಮೊದಲು ತಿಂದು ಅಲ್ಲಿನ ಆಮ್ಲಜನಕ ಖಾಲಿ ಮಾಡುತ್ತವೆ, ಬೆಂಜೀನ್ ಉಳಿದುಕೊಂಡು ಇನ್ನಷ್ಟು ದೂರ ಹೋಗಬಹುದು. ಭಾರತದಲ್ಲೂ ಈಗ ಎಥನಾಲ್ ಬೆರೆಸಿದ ಪೆಟ್ರೋಲೇ ಸಿಗುವುದು. ಇದು ನಮಗೂ ತಿಳಿದಿರಬೇಕಾದ ಸಂಗತಿ.

ಲಾಲ್‌ಬಾಗ್ ಬಂಡೆಯ ಬಂಧುಗಳು

ಮೇರಿಲ್ಯಾಂಡ್‌ನಿಂದ ವರ್ಜೀನಿಯಾ, ಎರಡು ಕ್ಯಾರೊಲೈನಾಗಳು, ಅಟ್ಲಾಂಟಾದವರೆಗೆ ಚಾಚಿರುವ ಭೂಭಾಗಕ್ಕೆ ಪೀಡ್‌ಮಾಂಟ್ ಅಂತ ಹೆಸರು. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಕೊಳೆತು ಮೆತ್ತಗಾದ ಬಂಡೆ, ಅದರ ಕೆಳಗೆ ಗಟ್ಟಿ ನೈಸ್ ಮತ್ತು ಶಿಸ್ಟ್ ಶಿಲೆ. ಇದನ್ನು ಕೇಳಿದಾಗ ಬೆಂಗಳೂರು ನೆನಪಾಗಬೇಕು. ಲಾಲ್‌ಬಾಗಿನ ಬಂಡೆ ಪೆನಿನ್ಸುಲಾರ್ ನೈಸ್ ತಾನೇ! ವಯಸ್ಸು ಬೇರೆ, ಹುಟ್ಟಿದ ಖಂಡ ಬೇರೆ, ಆದರೆ ನೀರು ನಿಲ್ಲುವ ರೀತಿ ಒಂದೇ. ಮೇಲಿನ ಕೊಳೆತ ಪದರದಲ್ಲಿ ಒಂದಷ್ಟು, ಕೆಳಗಿನ ಗಟ್ಟಿ ಬಂಡೆಯ ಬಿರುಕುಗಳಲ್ಲಿ ಒಂದಷ್ಟು. ನಮ್ಮ ಬೋರ್‌ವೆಲ್‌ಗಳು ಬಿರುಕು ಸಿಕ್ಕರೆ ನೀರು, ಸಿಗದಿದ್ದರೆ ಬರೀ ಧೂಳು.

ಪೆಟ್ರೋಲಿನ ವಿಷಯಕ್ಕೆ ಇದು ಬಹಳ ಮುಖ್ಯ. ಮರಳಿನಲ್ಲಿ ಮಾಲಿನ್ಯ ನೀರು ಹರಿಯುವ ದಿಕ್ಕಿಗೆ ಧೂಮಕೇತುವಿನ ಬಾಲದ ಹಾಗೆ ಉದ್ದವಾಗುತ್ತೆ. ಇದಕ್ಕೆ ಪ್ಲೂಮ್ ಅಂತಾರೆ. ಬಿರುಕು ಬಂಡೆಯಲ್ಲಿ ಹಾಗಲ್ಲ, ಬಿರುಕು ಎತ್ತ ಓಡಿದೆಯೋ ಅತ್ತ. ಪಕ್ಕದ ಮನೆಯ ಬಾವಿ ಚೊಕ್ಕ, ದೂರದ ಮನೆಯ ಬಾವಿ ಕಲುಷಿತ ಆಗಬಹುದು. ಆದ್ದರಿಂದ ‘ನಮ್ಮ ಮನೆ ಬಂಕಿನಿಂದ ದೂರ ಇದೆ ಬಿಡಿ’ ಅನ್ನುವ ಮಾತಿಗೆ ಇಲ್ಲಿ ಅರ್ಥವಿಲ್ಲ. ‘ಪಕ್ಕದವರದ್ದು ಟೆಸ್ಟ್ ಮಾಡಿಸಿದ್ದಾರೆ, ಸರಿ ಇದೆಯಂತೆ’ ಅನ್ನುವುದಕ್ಕೂ ಇಲ್ಲ.

ನಿಗಾ ಬಾವಿ ಅಂದರೇನು?

ಈಗ ಎರಡನೇ ಪ್ರಶ್ನೆ. ಕಾಣದ್ದನ್ನು ಪತ್ತೆ ಮಾಡುವುದು ಹೇಗೆ? ಉತ್ತರ, ನಿಗಾ ಬಾವಿ. ಇದು ನೀರೆತ್ತುವ ಬಾವಿಯಲ್ಲ, ನೋಡುವ ಬಾವಿ. ನೆಲದಲ್ಲಿ ಒಂದು ರಂಧ್ರ ಕೊರೆದು, ಸಾಮಾನ್ಯವಾಗಿ ಎರಡು ಇಂಚು ಅಥವಾ ನಾಲ್ಕು ಇಂಚಿನ ಪಿವಿಸಿ ಪೈಪ್ ಇಳಿಸುತ್ತಾರೆ. ಕೆಳಭಾಗದಲ್ಲಿ ಸಣ್ಣ ಸಣ್ಣ ಸೀಳು ಇರುವ ಪೈಪು, ಸುತ್ತ ಸೋಸಿದ ಮರಳು. ಅದರ ಮೇಲೆ ಬೆಂಟೋನೈಟ್ ಅನ್ನುವ, ನೀರು ಕುಡಿದು ಉಬ್ಬುವ ಜೇಡಿಮಣ್ಣಿನ ಬಿರಡೆ. ಅದರ ಮೇಲೆ ಸಿಮೆಂಟ್. ಮೇಲಿನ ಮಳೆನೀರು ಪೈಪಿನ ಪಕ್ಕದಿಂದ ಒಳಗೆ ಇಳಿಯದಿರಲಿ ಅಂತ ಈ ಬಂದೋಬಸ್ತು.

ತೇಲುವ ಪೆಟ್ರೋಲ್ ಹಿಡಿಯಬೇಕಾದರೆ ಸೀಳಿನ ಭಾಗ ನೀರಿನ ಮಟ್ಟದ ಮೇಲೂ ಕೆಳಗೂ ಚಾಚಿರಬೇಕು. ಸೀಳು ಪೂರ್ತಿ ನೀರಿನೊಳಗೆ ಮುಳುಗಿದ್ದರೆ ಮೇಲೆ ತೇಲುವ ಪೆಟ್ರೋಲ್ ಪೈಪಿನೊಳಗೆ ಬರುವುದೇ ಇಲ್ಲ. ‘ಏನೂ ಇಲ್ಲ’ ಅಂತ ವರದಿ ಬರುತ್ತೆ. ಬಾವಿ ತೋಡಿದ ರೀತಿ ತಪ್ಪಾದರೆ ಅದು ನಿರಾಳವಾಗಿ ಸುಳ್ಳು ಹೇಳುತ್ತೆ.

ಎಷ್ಟು ಬಾವಿ ಬೇಕು? ನೀರು ಎತ್ತ ಹರಿಯುತ್ತಿದೆ ಅಂತ ತಿಳಿಯಲು ಕನಿಷ್ಠ ಮೂರು, ಅದೂ ಒಂದೇ ಸಾಲಿನಲ್ಲಲ್ಲ, ತ್ರಿಕೋನದಲ್ಲಿ. ದೋಸೆ ಕಾವಲಿಯನ್ನು ನೆನೆಸಿಕೊಳ್ಳಿ. ಅಂಚಿನ ಮೂರು ಜಾಗದ ಎತ್ತರ ಗೊತ್ತಾದರೆ ಕಾವಲಿ ಎತ್ತ ವಾಲಿದೆ, ಎಣ್ಣೆ ಎತ್ತ ಹರಿಯುತ್ತೆ ಅಂತ ಹೇಳಬಹುದು. ಹಾಗೆಯೇ ಮೂರು ಬಾವಿಗಳಲ್ಲಿ ನೀರಿನ ಮಟ್ಟ ಸಮುದ್ರಮಟ್ಟದಿಂದ 100.0, 99.6, 99.2 ಮೀಟರ್ ಇದ್ದರೆ ನೀರು ಮೊದಲನೆಯದರ ಕಡೆಯಿಂದ ಮೂರನೆಯದರ ಕಡೆಗೆ ಇಳಿಯುತ್ತಿದೆ. ಬಿರುಕು ಬಂಡೆಯಲ್ಲಿ ಮೂರು ಸಾಲುವುದಿಲ್ಲ. ಜಾಕ್ಸನ್‌ವಿಲ್‌ನಲ್ಲಿ ಒಂದೇ ಒಂದು ಸೋರಿಕೆಗೆ ಇನ್ನೂರಕ್ಕೂ ಹೆಚ್ಚು ನಿಗಾ ಬಾವಿಗಳನ್ನು ಕೊರೆಯಬೇಕಾಯಿತು.

ಮಾದರಿ ತೆಗೆಯುವುದೂ ಸುಲಭದ ಕೆಲಸವಲ್ಲ. ಕಡಿಮೆ ಕಲುಷಿತ ಬಾವಿಯಿಂದ ಶುರುಮಾಡಿ ಹೆಚ್ಚು ಕಲುಷಿತ ಬಾವಿಗೆ ಹೋಗಬೇಕು, ತಿರುಗಾಮುರುಗಾ ಮಾಡಿದರೆ ಉಪಕರಣದ ಕೊಳೆ ಚೊಕ್ಕ ಬಾವಿಯ ಲೆಕ್ಕಕ್ಕೆ ಬರುತ್ತೆ. ಪೈಪಿನಲ್ಲಿ ನಿಂತ ಹಳೇ ನೀರನ್ನು ತೆಗೆಯದು ನೆಲದ ನೀರನ್ನು ಪ್ರತಿನಿಧಿಸುವುದಿಲ್ಲ. ಹಾಗಾಗಿ ನಿಧಾನಕ್ಕೆ ಪಂಪ್ ಮಾಡುತ್ತಾ ಪಿಹೆಚ್, ಉಷ್ಣತೆ, ಕರಗಿದ ಆಮ್ಲಜನಕ ಸ್ಥಿರವಾಗುವ ತನಕ ಕಾಯಬೇಕು. ಆಮೇಲೆ 40 ಮಿಲಿಲೀಟರಿನ ಪುಟ್ಟ ಗಾಜಿನ ಸೀಸೆಯಲ್ಲಿ ಗಾಳಿಯ ಗುಳ್ಳೆ ಉಳಿಯದ ಹಾಗೆ ತುಂಬಬೇಕು. ಗುಳ್ಳೆ ಉಳಿದರೆ ಬೆಂಜೀನ್ ಆವಿಯಾಗಿ ಅದರೊಳಗೆ ಸೇರಿಕೊಂಡುಬಿಡುತ್ತೆ. ಬ್ಯಾಕ್ಟೀರಿಯಾಗಳು ದಾರಿಯಲ್ಲಿ ತಿಂದು ಮುಗಿಸದಿರಲಿ ಅಂತ ಸೀಸೆಯಲ್ಲಿ ಮೊದಲೇ ಒಂದೆರಡು ಹನಿ ಆಮ್ಲ. ಐಸ್ ಪೆಟ್ಟಿಗೆಯಲ್ಲಿ ಸಾಗಣೆ, 14 ದಿನದೊಳಗೆ ಪರೀಕ್ಷೆ. ಜೊತೆಗೆ ಒಂದು ಶುದ್ಧ ನೀರಿನ ಸೀಸೆ ಪೆಟ್ಟಿಗೆಯಲ್ಲೇ ಹೋಗಿ ಬರುತ್ತೆ. ಅದರಲ್ಲೂ ಬೆಂಜೀನ್ ಸಿಕ್ಕರೆ? ಕೊಳೆ ಬಾವಿಯದ್ದಲ್ಲ, ಪ್ರಯಾಣದ್ದು ಅಥವಾ ಪ್ರಯೋಗಾಲಯದ್ದು ಅಂತ ಗೊತ್ತಾಗುತ್ತೆ.

ಚಿಕಿತ್ಸೆ: ನಾಲ್ಕು ರೂಪ, ನಾಲ್ಕು ಮದ್ದು

ಮೊದಲ ಕೆಲಸ ಸೋರುವ ತೂತು ಮುಚ್ಚುವುದು. ಎರಡನೆಯದು, ಕುಡಿಯುವವರನ್ನು ಕಾಪಾಡುವುದು. ಕಲುಷಿತ ಬಾವಿಯಿರುವ ಮನೆಗಳಿಗೆ ಬಾಟಲಿ ನೀರು ಕೊಟ್ಟು, ಆಮೇಲೆ ಮನೆಯ ಮುಖ್ಯ ಪೈಪಿಗೇ ಇದ್ದಿಲಿನ ಎರಡು ದೊಡ್ಡ ಡ್ರಮ್ ಜೋಡಿಸುತ್ತಾರೆ, ಒಂದಾದ ಮೇಲೆ ಒಂದು. ಎರಡು ಯಾಕೆ? ನಡುವಿನ ನಲ್ಲಿಯಿಂದ ಆಗಾಗ ಮಾದರಿ ತೆಗೆಯುವುದಕ್ಕೆ. ಮೊದಲ ಡ್ರಮ್ ದಣಿದು ಬೆಂಜೀನ್ ದಾಟತೊಡಗಿದರೆ ನಡುವಿನ ಮಾದರಿ ಹೇಳುತ್ತೆ, ಆಗಲೂ ಎರಡನೆಯದು ಮನೆಯವರನ್ನು ಕಾಯುತ್ತಿರುತ್ತೆ. ಎಂಟಿಬಿಇ ಇದ್ದಿಲಿಗೆ ಸರಿಯಾಗಿ ಅಂಟುವುದಿಲ್ಲವಾದ್ದರಿಂದ ಅದೇ ಮೊದಲು ದಾಟುವುದು. ಇಲ್ಲೂ ನೋಡಿ, ಚಿಕಿತ್ಸೆಯ ಯಂತ್ರದ ಹೊಟ್ಟೆಯೊಳಗೇ ಒಂದು ನಿಗಾ ಇದೆ.

ಇನ್ನು ಬಂಕಿನ ಜಾಗಕ್ಕೆ ಬರೋಣ. ತೇಲುವ ಪೆಟ್ರೋಲನ್ನು ಬಾವಿಯೊಳಗೆ ಪಂಪ್ ಇಳಿಸಿ ಹೀರಿ ತೆಗೆಯುತ್ತಾರೆ. ಮಣ್ಣಿಗೆ ಅಂಟಿದ್ದಕ್ಕೆ ಮತ್ತು ಆವಿಗೆ, ನೆಲದಿಂದ ಗಾಳಿಯನ್ನೇ ಹೀರುವ ವಿಧಾನವಿದೆ. ಹೀರಿದಂತೆಲ್ಲ ಅಂಟಿದ ಪೆಟ್ರೋಲ್ ಆವಿಯಾಗಿ ಹೊರಬರುತ್ತೆ. ಆ ಗಾಳಿಯನ್ನು ಹಾಗೇ ಬಿಡದೆ ಇದ್ದಿಲಿನ ಮೂಲಕ ಹಾಯಿಸುತ್ತಾರೆ ಅಥವಾ ಸುಡುತ್ತಾರೆ. ನೀರಿನ ಮಟ್ಟದ ಕೆಳಗೆ ಇರುವುದಕ್ಕೆ ಅಲ್ಲಿಗೆ ಗಾಳಿ ಊದಿ ಗುಳ್ಳೆ ಎಬ್ಬಿಸುವುದೂ ಉಂಟು. ಕರಗಿದ್ದಕ್ಕೆ ನೀರನ್ನೇ ಮೇಲೆತ್ತಿ, ಗೋಪುರದಲ್ಲಿ ಮೇಲಿನಿಂದ ನೀರು ಚಿಮುಕಿಸಿ, ಕೆಳಗಿನಿಂದ ಗಾಳಿ ಊದಿ ಬೆಂಜೀನನ್ನು ಬೇರ್ಪಡಿಸುತ್ತಾರೆ. ನೀರೆತ್ತುವುದರಿಂದ ಇನ್ನೊಂದು ಲಾಭ. ಸುತ್ತಲಿನ ನೀರು ಪಂಪಿನ ಕಡೆಗೇ ಹರಿಯುತ್ತೆ, ಮಾಲಿನ್ಯ ಪಕ್ಕದ ಮನೆಗೆ ಹೋಗದಂತೆ ಬೇಲಿ ಹಾಕಿದ ಹಾಗಾಗುತ್ತೆ.

ಕೊನೆಗೆ, ನಮಗಿಂತ ಹಳೆಯ ಕೆಲಸಗಾರರು. ನೆಲದ ಬ್ಯಾಕ್ಟೀರಿಯಾಗಳಿಗೆ ಪೆಟ್ರೋಲ್ ಊಟ. ಮೊದಲು ಆಮ್ಲಜನಕ ಬಳಸಿ, ಅದು ಮುಗಿದಮೇಲೆ ನೈಟ್ರೇಟ್, ಕಬ್ಬಿಣ, ಸಲ್ಫೇಟ್ ಬಳಸಿ ತಿನ್ನುತ್ತವೆ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ 1995ರಲ್ಲಿ ಅಲ್ಲಿನ ಸೋರಿಕೆಗಳನ್ನು ಪರಿಶೀಲಿಸಿ, ಬೆಂಜೀನ್ ಪ್ಲೂಮ್‌ಗಳು ಸಾಮಾನ್ಯವಾಗಿ 250 ಅಡಿಯೊಳಗೆ ನಿಂತುಬಿಡುತ್ತವೆ ಅಂತ ಕಂಡುಕೊಂಡಿತು. ಹಾಗಾದರೆ ಸುಮ್ಮನೆ ಬಿಟ್ಟುಬಿಡಬಹುದೇ? ಕೆಲವು ಕಡೆ ಬಿಡಬಹುದು, ಆದರೆ ‘ಸುಮ್ಮನೆ’ ಅಲ್ಲ. ವರ್ಷಗಟ್ಟಲೆ ಅಳೆಯುತ್ತಾ, ಬ್ಯಾಕ್ಟೀರಿಯಾ ನಿಜವಾಗಿ ತಿನ್ನುತ್ತಿವೆ ಅಂತ ತೋರಿಸುತ್ತಾ ಇರಬೇಕು. ಆ ಮಾತು ಮರಳು, ಜೇಡಿಯ ನೆಲಕ್ಕೆ ಹೊಂದುವಷ್ಟು ಬಿರುಕು ಬಂಡೆಗೆ ಹೊಂದುವುದಿಲ್ಲ, ಎಂಟಿಬಿಇಗಂತೂ ಇಲ್ಲವೇ ಇಲ್ಲ.

ಶುಚಿಯಾಯಿತು ಅನ್ನುವುದು ಯಾವಾಗ?

ಒಂದು ಕಾಲ್ಪನಿಕ ಬಾವಿಯ ಅಂಕಿ ನೋಡೋಣ. ಮೂರು ತಿಂಗಳಿಗೊಮ್ಮೆ ತೆಗೆದ ಬೆಂಜೀನ್ ಲೆಕ್ಕ: 4,200, 900, 60, 4 ಪಿಪಿಬಿ. ಭೇಷ್, 5ಕ್ಕಿಂತ ಕೆಳಗೆ ಬಂತು, ಯಂತ್ರ ನಿಲ್ಲಿಸೋಣ. ನಿಲ್ಲಿಸಿದರು. ಆರು ತಿಂಗಳ ಮೇಲೆ ಮಳೆ ಬಂತು. ಅಂಕಿ 85!

ಏನಾಯಿತು? ಪಂಪ್ ಓಡುವಾಗ ಸುಲಭವಾಗಿ ಹರಿಯುವ ನೀರಷ್ಟೇ ಶುಚಿಯಾಗಿತ್ತು. ಜೇಡಿಯ ಸಂದಿಯಲ್ಲಿ, ಬಂಡೆಯ ಸೂಕ್ಷ್ಮ ರಂಧ್ರಗಳಲ್ಲಿ ಅವಿತಿದ್ದದ್ದು ನಿಧಾನಕ್ಕೆ ಹೊರಬಂತು. ಜೊತೆಗೆ ನೀರಿನ ಮಟ್ಟ ಏರಿಳಿಯುವಾಗ ಪೆಟ್ರೋಲ್ ಮಣ್ಣಿಗೆ ಮೇಲೆ ಕೆಳಗೆ ಬಳಿದುಕೊಂಡಿರುತ್ತೆ. ಬೇಸಿಗೆಯಲ್ಲಿ ನೀರು ಅದರ ಕೆಳಗೆ ಇಳಿದರೆ ಅಂಕಿ ಚೆನ್ನಾಗಿ ಕಾಣುತ್ತೆ. ಮಳೆಗಾಲದಲ್ಲಿ ನೀರು ಏರಿ ಆ ಬಳಿದ ಪದರವನ್ನು ತೊಳೆದರೆ ಅಂಕಿ ಜಿಗಿಯುತ್ತೆ. ಆದ್ದರಿಂದ ಒಂದು ಒಳ್ಳೆಯ ಅಂಕಿ ಅಂದರೆ ಒಂದು ದಿನದ ಸುದ್ದಿ ಅಷ್ಟೇ. ಯಂತ್ರ ನಿಲ್ಲಿಸಿದಮೇಲೂ ಕನಿಷ್ಠ ಒಂದು ವರ್ಷ, ಎಲ್ಲ ಋತುಗಳಲ್ಲೂ, ನೀರಿನ ಮಟ್ಟದ ಜೊತೆಗೇ ಬರೆದಿಟ್ಟು ನೋಡಬೇಕು.

ಬಾವಿ ಇಲ್ಲದವರಿಗೆ ಭಯ ಇಲ್ಲವೇ?

ಈಗ ವಾಷಿಂಗ್ಟನ್ ನಗರದ ಅಂಚಿಗೆ ಬರೋಣ. ಮೇರಿಲ್ಯಾಂಡ್‌ನ ಚಿಲ್ಲಂನಲ್ಲಿ, ರಿಗ್ಸ್ ರೋಡಿನ ಒಂದು ಷೆವ್ರಾನ್ ಬಂಕಿನ ಸೋರಿಕೆ 1989ರಲ್ಲಿ ವರದಿಯಾಯಿತು. ಅಲ್ಲಿಂದ ಕಲುಷಿತ ನೀರು ಈಸ್ಟರ್ನ್ ಅವೆನ್ಯೂ ಅಡಿಯಿಂದ ಹಾದು, ಗಡಿ ದಾಟಿ, ರಾಜಧಾನಿಯ ರಿಗ್ಸ್ ಪಾರ್ಕ್ ಬಡಾವಣೆಯ ಮನೆಗಳ ಕೆಳಗೆ ಹೋಗಿತ್ತು. ಬಂಕ್ ಒಂದು ರಾಜ್ಯದಲ್ಲಿ, ಮನೆಗಳು ಇನ್ನೊಂದು ಆಡಳಿತದಲ್ಲಿ. ನೀರಿಗೆ ಗಡಿಕಲ್ಲು ಗೊತ್ತಿಲ್ಲ, ಕಡತಕ್ಕೆ ಗೊತ್ತು. ಕೊನೆಗೆ ಕೇಂದ್ರದ ಇಪಿಎ ಮುಂದಾಳತ್ವ ವಹಿಸಿ 2002ರಲ್ಲಿ ಕಂಪನಿಗೆ ಆದೇಶ ಹೊರಡಿಸಿತು. ವರದಿಯಾಗಿ ಹದಿಮೂರು ವರ್ಷದ ಮೇಲೆ.

ಆ ಮನೆಗಳಿಗೆ ಬರುವುದು ಪೊಟೋಮ್ಯಾಕ್ ನದಿಯ ನಲ್ಲಿ ನೀರು. ಅಂತರ್ಜಲವನ್ನು ಅವರು ಕುಡಿಯುವುದಿಲ್ಲ. ಹಾಗಾದರೆ ಚಿಂತೆ ಯಾಕೆ? ನಾಲ್ಕನೇ ರೂಪ, ಆವಿ. ಅಮೆರಿಕದ ಎಷ್ಟೋ ಮನೆಗಳಿಗೆ ನೆಲಮಾಳಿಗೆ ಇರುತ್ತೆ. ಕೆಳಗಿನ ನೀರಿನಿಂದ ಎದ್ದ ಆವಿ ಕಾಂಕ್ರೀಟಿನ ಬಿರುಕುಗಳಿಂದ ಒಳಗೆ ಬರಬಹುದು. ಆದ್ದರಿಂದ ಅಲ್ಲಿ ನಿಗಾ ನೀರಿಗಷ್ಟೇ ಸಾಲಲಿಲ್ಲ, ಮಣ್ಣಿನ ಗಾಳಿ ಮತ್ತು ಮನೆಯೊಳಗಿನ ಗಾಳಿಯನ್ನೂ ಅಳೆಯಬೇಕಾಯಿತು. ಪರೀಕ್ಷೆ ಮಾಡುತ್ತಾ ಹೋದಾಗ ಡ್ರೈ ಕ್ಲೀನಿಂಗ್‌ನಲ್ಲಿ ಬಳಸುವ ಇನ್ನೊಂದು ರಾಸಾಯನಿಕವೂ ಅಲ್ಲಿನ ಅಂತರ್ಜಲದಲ್ಲಿ ಸಿಕ್ಕಿತು. ಇಂಥ ಮನೆಗಳಿಗೆ ಪರಿಹಾರ, ನೆಲದ ಹಾಸಿನ ಕೆಳಗೆ ಪೈಪ್ ಇಟ್ಟು ಫ್ಯಾನಿನಿಂದ ಗಾಳಿ ಹೀರಿ ಚಾವಣಿಯ ಮೇಲೆ ಬಿಡುವುದು.

ಇನ್ನೊಂದು ಉದಾಹರಣೆ ಕ್ಯಾರೊಲೈನಾದ್ದು, ಬಂಕಿನದಲ್ಲ, ಪೈಪ್‌ಲೈನಿನದು. 2020ರ ಆಗಸ್ಟ್ 14ರಂದು ಷಾರ್ಲೆಟ್ ಹತ್ತಿರದ ಹಂಟರ್ಸ್‌ವಿಲ್‌ನ ಒಂದು ಅರಣ್ಯಧಾಮದಲ್ಲಿ ಗಾಡಿ ಓಡಿಸುತ್ತಿದ್ದ ಇಬ್ಬರು ಹುಡುಗರಿಗೆ ನೆಲದಿಂದ ಪೆಟ್ರೋಲ್ ಉಕ್ಕುವುದು ಕಾಣಿಸಿತು. ಕಲೋನಿಯಲ್ ಪೈಪ್‌ಲೈನ್ ಸೋರಿತ್ತು. ಮೊದಲು ಹೇಳಿದ ಅಂದಾಜು 63,000 ಗ್ಯಾಲನ್. ನಿಗಾ ಬಾವಿಗಳು ಹೆಚ್ಚಿದಂತೆ ಅಂದಾಜೂ ಏರುತ್ತಾ ಹೋಗಿ ಕೊನೆಗೆ ಸುಮಾರು 20 ಲಕ್ಷ ಗ್ಯಾಲನ್‌ಗೆ ಬಂತು. ಮೂವತ್ತು ಪಟ್ಟು! ಸೋರಿಕೆ ದೊಡ್ಡದಾದದ್ದಲ್ಲ, ನೋಡುವ ಕಣ್ಣು ಹೆಚ್ಚಾದದ್ದು.

ನ್ಯಾಯಾಲಯ ಕೇಳಿದ ಅಂಕಿ

ಜಾಕ್ಸನ್‌ವಿಲ್ ಜನ ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ಒಂದು ಜ್ಯೂರಿ 15 ಕೋಟಿ ಡಾಲರ್, 2011ರಲ್ಲಿ ಇನ್ನೊಂದು ಜ್ಯೂರಿ 150 ಕೋಟಿ ಡಾಲರ್ ಪರಿಹಾರ ಹೇಳಿತು. ಅದರಲ್ಲಿ 100 ಕೋಟಿಗೂ ಹೆಚ್ಚು ದಂಡನಾತ್ಮಕ. 2013ರಲ್ಲಿ ಮೇರಿಲ್ಯಾಂಡ್‌ನ ಅತ್ಯುನ್ನತ ನ್ಯಾಯಾಲಯ ಆ ದಂಡವನ್ನು ರದ್ದು ಮಾಡಿತು, ಉಳಿದ ಪರಿಹಾರದಲ್ಲೂ ಬಹಳಷ್ಟನ್ನು ತೆಗೆದುಹಾಕಿತು. ಬಾವಿಯಲ್ಲಿ ಮಾಲಿನ್ಯ ಪತ್ತೆಯೇ ಆಗದ ಮನೆಯವರು ಬರೀ ಭಯಕ್ಕೆ ಪರಿಹಾರ ಕೇಳುವುದು ಕಷ್ಟ ಅನ್ನುವುದು ಅದರ ತಿರುಳು.

ಇದು ಸರಿಯೋ ತಪ್ಪೋ ಅಂತ ನಾವು ತೀರ್ಪು ಹೇಳುವುದಿಲ್ಲ. ಪಕ್ಕದ ಬಾವಿ ಹಾಳಾಗಿರುವಾಗ ಮಗುವಿಗೆ ನೀರು ಕುಡಿಸುವ ತಾಯಿಯ ಭಯ ಸುಳ್ಳಲ್ಲ. ಆದರೆ ಅದನ್ನು ಅಳೆಯುವ ಕಡ್ಡಿ ನ್ಯಾಯಾಲಯದ ಬಳಿ ಇರಲಿಲ್ಲ, ಪ್ರಯೋಗಾಲಯದ ಕಾಗದ ಮಾತ್ರ ಇತ್ತು. ಆ ಕಾಗದ ನಿಮ್ಮ ಹತ್ತಿರ ಇರಬೇಕು.

ನಾವು ಏನು ಮಾಡಬಹುದು?

ಅಮೆರಿಕದಲ್ಲಿ ಸ್ವಂತ ಬಾವಿ ಇರುವ ಮನೆ ಕೊಳ್ಳುತ್ತಿದ್ದೀರಾದರೆ ನೆನಪಿಡಿ, ಖಾಸಗಿ ಬಾವಿಯ ನೀರನ್ನು ಇಪಿಎ ನಿಯಂತ್ರಿಸುವುದಿಲ್ಲ. ಪರೀಕ್ಷೆ ನಿಮ್ಮದೇ ಜವಾಬ್ದಾರಿ. ಬ್ಯಾಕ್ಟೀರಿಯಾ, ನೈಟ್ರೇಟ್ ಜೊತೆಗೆ ವಿಒಸಿ ಪರೀಕ್ಷೆ ಅಂತ ಬಿಡಿಸಿ ಕೇಳಿ. ರಾಜ್ಯ ಮಾನ್ಯತೆ ಇರುವ ಪ್ರಯೋಗಾಲಯದಲ್ಲೇ ಮಾಡಿಸಿ. ಸುತ್ತ ಹಳೆಯ ಸೋರಿಕೆ ಇದೆಯೇ ಅಂತ ರಾಜ್ಯದ ಪರಿಸರ ಇಲಾಖೆಯ ದಾಖಲೆಯಲ್ಲಿ ಹುಡುಕಬಹುದು. ಅಮೆರಿಕದಲ್ಲಿ ಈವರೆಗೆ ದಾಖಲಾದ ನೆಲಟ್ಯಾಂಕ್ ಸೋರಿಕೆಗಳು 5 ಲಕ್ಷಕ್ಕೂ ಹೆಚ್ಚು.

ಕರ್ನಾಟಕದಲ್ಲಿ ಬೋರ್‌ವೆಲ್ ಬಳಸುವವರಿಗೆ ಮೂರು ಮಾತು. ಒಂದು, ಟಿಡಿಎಸ್ ಮೀಟರ್ ಪೆಟ್ರೋಲನ್ನು ಹಿಡಿಯುವುದಿಲ್ಲ. ಅದು ಅಳೆಯುವುದು ಕರಗಿದ ಲವಣಗಳನ್ನು. ಮಾಮೂಲಿ ಬೋರ್‌ವೆಲ್ ಪರೀಕ್ಷೆಯಲ್ಲಿ ಬರುವ ಗಡಸುತನ, ಫ್ಲೋರೈಡ್, ನೈಟ್ರೇಟ್‌ಗಳ ಸಾಲಿನಲ್ಲೂ ಬೆಂಜೀನ್ ಇರುವುದಿಲ್ಲ, ಬೇರೆಯಾಗಿ ಕೇಳಬೇಕು. ಎರಡು, ಪೆಟ್ರೋಲ್ ವಾಸನೆ ಬಂದರೆ ಕಾಯಿಸಿ ಕುಡಿಯೋಣ ಅನ್ನಬೇಡಿ. ಕಾಯಿಸಿದರೆ ಕ್ರಿಮಿ ಸಾಯುತ್ತೆ ನಿಜ, ಆದರೆ ಬೆಂಜೀನ್ ಆವಿಯಾಗಿ ಅಡುಗೆಮನೆಯ ಗಾಳಿಗೆ, ಅಲ್ಲಿಂದ ನಿಮ್ಮ ಉಸಿರಿಗೆ ಬರುತ್ತೆ. ಬಿಸಿನೀರಿನ ಸ್ನಾನವೂ ಬೇಡ. ಆ ನೀರು ಬಳಸುವುದನ್ನೇ ನಿಲ್ಲಿಸಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ತಿಳಿಸಿ, ದಿನಾಂಕ ಬರೆದಿಟ್ಟುಕೊಳ್ಳಿ. ಬಾವಿಗೆ ಬೆಂಕಿಕಡ್ಡಿ ಗೀರಿ ನೋಡುವ ಸಾಹಸವಂತೂ ಖಂಡಿತ ಬೇಡ. ಮೂರು, ಹೊಸ ಬಂಕ್‌ಗಳು ಶಾಲೆ, ಆಸ್ಪತ್ರೆ, ವಸತಿ ಪ್ರದೇಶದಿಂದ 50 ಮೀಟರ್ ದೂರ ಇರಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಒಳ್ಳೆಯದು. ಆದರೆ ಬಿರುಕು ಬಂಡೆಯ ಬಗ್ಗೆ ಈಗ ನಿಮಗೆ ಗೊತ್ತಿದೆ. ಬರೀ 50 ಮೀಟರ್ ಅಂತರ ನೀರನ್ನು ಕಾಯುವುದಿಲ್ಲ, ನಿಗಾ ಕಾಯುತ್ತೆ.

ನೀವೇ ಬಂಕ್ ನಡೆಸುವವರಾಗಿದ್ದರೆ, ಅಮೆರಿಕದಲ್ಲಾಗಲಿ ಹಾಸನದಲ್ಲಾಗಲಿ, ಬೆಳಗಿನ ಡಿಪ್ ಕಡ್ಡಿಯ ಅಂಕಿ ನಿನ್ನೆಯದರ ಜೊತೆ ಹೊಂದುತ್ತಿಲ್ಲ ಅನ್ನಿಸಿದ ದಿನವೇ ಮಾರಾಟ ನಿಲ್ಲಿಸಿ ಹುಡುಕಿ. ಕಡ್ಡಿ ಸರಿಯಿಲ್ಲ, ಬಿಸಿಲಿಗೆ ಆರಿರಬೇಕು, ಮೀಟರ್ ಕೆಟ್ಟಿರಬೇಕು ಅಂತ ಸಮಾಧಾನ ಮಾಡಿಕೊಳ್ಳಲು ನೂರು ಕಾರಣ ಸಿಗುತ್ತವೆ. ಜಾಕ್ಸನ್‌ವಿಲ್‌ನಲ್ಲಿ ಆ ಸಮಾಧಾನಕ್ಕೆ ಐದು ವಾರ ಹಿಡಿಯಿತು, ಆಮೇಲೆ ಇನ್ನೂರು ಬಾವಿ ಕೊರೆಯಬೇಕಾಯಿತು.

ಇವತ್ತಿಗೆ ಇಷ್ಟು. ನಿಮ್ಮ ಬಾವಿಯ ಅಥವಾ ಬೋರ್‌ವೆಲ್‌ನ ಹಳೆಯ ಪರೀಕ್ಷಾ ವರದಿ ಮನೆಯಲ್ಲಿದ್ದರೆ ಈ ವಾರ ಒಮ್ಮೆ ತೆಗೆದು ನೋಡಿ. ಯಾವ ವರ್ಷದ್ದು, ಅದರಲ್ಲಿ ಏನೇನು ಅಳೆದಿದ್ದಾರೆ, ಏನನ್ನು ಅಳೆದೇ ಇಲ್ಲ ಅಂತ ಗಮನಿಸಿ.